ಹದಿನಾಲ್ಕನೆಯ ಚಿತ್ರ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮಾಳಿಗೆಯಲ್ಲಿ
ನನ್ನ ರಿಪೇರಿ ಅಂಗಡಿ. ಅಲ್ಲಿ ಕೂತು ಬರೆದೆ
ಕಿವಿ ಕೇಳದ ಮಕ್ಕಳ ಶಾಲೆಗೊಂದು ನಿಘಂಟು.
ಎಡಕ್ಕೆ ಪದಗಳ ಪಟ್ಟಿ, ಬಲಕ್ಕೆ ಒಂದು ಚೌಕ.
ಪದ ಒತ್ತಿದರೆ ಚೌಕದೊಳಗೆ
ಬರೆದ ಎರಡು ಕೈಗಳು ಎದ್ದು ಬಂದು
ಆ ಪದ ಆಡಬೇಕು.
ಇಷ್ಟೇ ಕೆಲಸ.
ಬೇರೆ ಕಿಟಕಿ ತೆರೆಯಬಾರದು, ಪ್ಲೇಯರಿನ ಗುಂಡಿಗಳು ಕಾಣಬಾರದು,
ಕೈ ಆ ಪುಟದಲ್ಲೇ ಹುಟ್ಟಿದಂತಿರಬೇಕು
ಎಂದಿದ್ದರು ಚೋಂದಮ್ಮ ಟೀಚರ್.

ನನ್ನ ಮೇಜಿನ ಮೇಲೆ ಎಲ್ಲ ಚೆನ್ನಾಗಿತ್ತು.
ಯಾವ ಪ್ರೋಗ್ರಾಮೂ ಬರೆದವನ ಮೇಜಿನ ಮೇಲೆ ಸೋಲುವುದಿಲ್ಲ.

ಶಾಲೆಯ ಯಂತ್ರ ಯಾವುದೋ ಎಸ್ಟೇಟಿನ ದಾನ.
ಒಳಗಿನ್ನೂ ಯಾರೋ ರೈಟರ್ ಅಳಿಸದೆ ಬಿಟ್ಟ ಲೆಕ್ಕ:
ರೋಬಸ್ಟಾ ಚೆರಿ ಇಷ್ಟು ಮೂಟೆ, ಕರಿಮೆಣಸು ಇಷ್ಟು ಕಿಲೋ,
ಏಣಿ ಮುರಿದದ್ದಕ್ಕೆ ಹಿಡಿದುಕೊಂಡ ಕೂಲಿ.
ಅದರ ಪಕ್ಕ ನನ್ನ ನಿಘಂಟು ಇಳಿಸಿ
‘ಆನೆ’ ಒತ್ತಿದೆ.

ಚೌಕ ಕಪ್ಪಾಯಿತು.
ಕಪ್ಪಾಗಿಯೇ ಉಳಿಯಿತು.
ಸ್ಪೀಕರಿನಲ್ಲಿ ಮಾತ್ರ, ಚಿತ್ರದ ಜೊತೆ ನಾನು ಸುಮ್ಮನೆ ಸೇರಿಸಿದ್ದ
ವೀಣೆಯ ತುಣುಕು
ಒಂದು ಸ್ವರ ತಪ್ಪದೆ ನುಡಿಯಿತು.

ಹನ್ನೊಂದು ಮಕ್ಕಳು ಚೌಕ ನೋಡುತ್ತಿದ್ದರು.
ಕೇಳಿಸಿಕೊಂಡವರು ನಾವಿಬ್ಬರೇ, ನಾನು ಮತ್ತು ಟೀಚರ್.
ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೋಡೆಕ್ ಇಲ್ಲ, ಎಂದೆ.
ಅಂದರೆ?
ಅಂದರೆ, ಗಂಟು ಬಂದು ತಲುಪಿದೆ, ಬಿಚ್ಚುವ ಬೆರಳು ಈ ಯಂತ್ರಕ್ಕಿಲ್ಲ.
ನಮ್ಮಲ್ಲಿ ಬೆರಳಿಗೇನೂ ಬರವಿಲ್ಲ, ಎಂದರು.

ಅಷ್ಟರಲ್ಲಿ ಬೊಮ್ಮಿ, ಮತ್ತಿಗೋಡು ಆನೆ ಶಿಬಿರದ ಕಾವಾಡಿಯ ಮಗಳು,
ಕಪ್ಪು ಚೌಕದಲ್ಲಿ ತನ್ನದೇ ನೆರಳು ಕಂಡು
ಮೂಗಿಗೆ ಮುಂಗೈ ತಂದು
ಸೊಂಡಿಲು ಇಳಿಸಿದಳು.
ಗಾಜಿನೊಳಗಿನ ಹುಡುಗಿಯೂ ಇಳಿಸಿದಳು.
ಅಂದು ಓಡಿದ ಚಿತ್ರ ಅದೊಂದೇ.

ಮೂರು ರಾತ್ರಿ ಕೂತೆ.
ವಿಡಿಯೋ ಕೈಬಿಟ್ಟೆ. ಒಂದೊಂದು ಪದವನ್ನೂ
ಇಪ್ಪತ್ತನಾಲ್ಕು ಬಿಡಿ ಚಿತ್ರಗಳಾಗಿ ಸುಲಿದು ಟೈಮರಿಗೆ ಒಪ್ಪಿಸಿದೆ:
ಇಡು, ತೆಗೆ, ಇನ್ನೊಂದು ಇಡು.
ಕಾಪಿ ಪುಸ್ತಕದ ಮೂಲೆಯಲ್ಲಿ ಕುದುರೆ ಬರೆದು
ಹಾಳೆ ಸರಸರ ಬಿಡುತ್ತಿದ್ದೆವಲ್ಲ, ಅದೇ ವಿದ್ಯೆ.
ವೀಣೆ ತೆಗೆದುಹಾಕಿದೆ.

ಈ ಸಲ ಕೈ ಬಂತು.
ಬಂದದ್ದೇನೋ ಬಂತು, ಆನೆಯಲ್ಲಿ ಮಾತ್ರ
ಹದಿನಾಲ್ಕನೆಯ ಚಿತ್ರಕ್ಕೆ ಯಂತ್ರ ಒಮ್ಮೆ ಗೊರ್ ಅಂದು
ಸೊಂಡಿಲು ನಡುಗಾಳಿಯಲ್ಲಿ ನಿಂತು
ಆಮೇಲೆ ಇಳಿಯುತ್ತಿತ್ತು.
ನೋಡೋಣ, ಎಂದು ಬಿಟ್ಟು ಬಂದೆ.

ಹುತ್ತರಿ ಕಳೆದು, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ
ತಪ್ಪು ತಿದ್ದಿಕೊಂಡು ಹೋದೆ. ಈಗ ಎಣ್ಣೆಯಂತೆ ಜಾರುವ ಸೊಂಡಿಲು.
ಮಕ್ಕಳು ನೋಡಿದರು. ಮತ್ತೆ ನೋಡಿದರು.
ಬೊಮ್ಮಿ ಕೈಯಾಡಿಸಿದಳು: ಅಲ್ಲ.
ತೋರಿಸಿದಳು: ಇಳಿಸಿ, ನಡುವೆ ತಡೆದು, ಮತ್ತೆ ಇಳಿಸಿ.
ಹಿಂದಿನ ಬೆಂಚಿನವರೂ ಹಾಗೆಯೇ. ಹನ್ನೊಂದು ಸೊಂಡಿಲು
ಒಟ್ಟಿಗೆ ತಡೆದು ನಿಂತವು.
ತಡೆಯದೆ ಇಳಿದರೆ ಅದು ಈಗ ನಮ್ಮಲ್ಲಿ ‘ಪೈಪು’, ಎಂದರು ಟೀಚರ್.

ಬೊಮ್ಮಿ ಇನ್ನೂ ಏನೋ ಹೇಳುತ್ತಿದ್ದಳು, ಬೇಗ ಬೇಗ,
ನನಗೆ ತಿಳಿಯದ ಬೆರಳುಗಳಲ್ಲಿ.
ಅಪ್ಪನ ಆನೆ ಹೊಳೆಗೆ ಬಂದಾಗ ಮೊದಲು ಹಾಗೇ ನಿಲ್ಲುತ್ತದಂತೆ,
ನೀರು ಮೂಸಿ ನೋಡಿ ಆಮೇಲೆ ಸೊಂಡಿಲು ಇಳಿಸುತ್ತದಂತೆ.
ಇವರಿಗೆ ಹೇಗೆ ಗೊತ್ತಾಯಿತು ಅಂತ ಕೇಳುತ್ತಿದ್ದಾಳೆ.

ತಲೆಯಾಡಿಸಿದೆ,
ಹೌದೋ ಅಲ್ಲವೋ ತಿಳಿಯದ ಹಾಗೆ.
ಹದಿನಾಲ್ಕರ ಬಳಿ ಒಂದು ತಡೆಯನ್ನು ಈ ಸಲ ಕೈಯಾರೆ ಇಟ್ಟು,
ಮುಂದೆ ಯಾರಾದರೂ ಬಿಚ್ಚಿ ನೋಡಿಯಾರು ಎಂದು
ಆ ಸಾಲಿನ ಪಕ್ಕ ಕನ್ನಡದಲ್ಲೇ ಬರೆದೆ:
ಇಲ್ಲಿ ಆನೆ ನೀರು ಮೂಸುತ್ತಿದೆ. ಮುಟ್ಟಬೇಡಿ.