ಹದಿನೆಂಟು ಬಾಟಲಿ

ಗ್ರಿಮ್ಸ್‌ಬಿ. ಮೀನುಪೇಟೆಯ ಹಿಂದಿನ ಬೀದಿ, ರಾತ್ರಿ ಎರಡೂ ಕಾಲು.
ಬಾಗಿಲು ತೆರೆದವನಿಗೆ ಏಳು ವರ್ಷ.
ಚಿಲಕ ಎಟುಕಲೆಂದು ಎಳೆದುಕೊಂಡ ಕುರ್ಚಿ ಇನ್ನೂ ಅಲ್ಲೇ ಇತ್ತು.
"ಮೆಲ್ಲಗೆ," ಅಂದ, "ಮೇಸಿ ಈಗಷ್ಟೇ ಕುಡಿದು ಮಲಗಿದಳು."

ತಾಯಿ ಲೀಯಾನ್ ಸೋಫಾದ ಮೇಲೆ. ಉಸಿರಿತ್ತು, ಎಚ್ಚರವಿರಲಿಲ್ಲ.
ಯಾರೋ ಅವಳ ಬೂಟು ಬಿಚ್ಚಿ ಜೋಡಿಸಿಟ್ಟಿದ್ದರು,
ಕೋಟು ಹೊದಿಸಿದ್ದರು.
ಯಾರು ಎಂದು ನಾನು ಕೇಳಲಿಲ್ಲ.
ಜೊತೆಗಿದ್ದ ಹಾಲ್‌ರಾಯ್ಡ್ ಆಂಬುಲೆನ್ಸಿಗೆ ಹೇಳಿದ.

ನನ್ನ ಅಧಿಕಾರ ಚಿಕ್ಕದು, ಕಿಸೆಯಲ್ಲಿ ಹಿಡಿಸುವಷ್ಟು:
ಕೋರ್ಟಿನ ಚೀಟಿ ಬೇಡ, ನ್ಯಾಯಾಧೀಶರ ನಿದ್ದೆ ಕೆಡಿಸುವುದು ಬೇಡ,
ಮಗುವಿಗೆ ಕೇಡು ತಟ್ಟೀತೆಂದು ನನಗನ್ನಿಸಿದರೆ ಸಾಕು,
ಅನ್ನಿಸಿದ್ದಕ್ಕೊಂದು ಕಾರಣವಿದ್ದರೆ ಸಾಕು,
ಎಪ್ಪತ್ತೆರಡು ಗಂಟೆ.
ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು.
ಎತ್ತಿಕೊಳ್ಳುವುದು ಬೇರೆ, ಎತ್ತಿಕೊಂಡು ಹೋಗುವುದು ಬೇರೆ
ಎಂದು ಮಾತ್ರ ಯಾರೂ ಹೇಳಿರಲಿಲ್ಲ.

"ಎಷ್ಟು ಹೊತ್ತು?" ಅಂದ.
ಮೂರು ದಿನ, ಅಂದೆ.
ಬೆರಳು ಮಡಚಿದ, ಬಿಡಿಸಿದ, ತುಟಿಯಲ್ಲೇ ಆರಕ್ಕೆ ಆರು ಕೂಡಿದ.
"ಹದಿನೆಂಟು ಬಾಟಲಿ.
ಡಬ್ಬಿಯಲ್ಲಿ ಐದಕ್ಕಾಗುವಷ್ಟೇ ಪುಡಿ ಇದೆ."
ಬಾಟಲಿಯ ಮೈಮೇಲೆ ನೀಲಿ ಪೆನ್ನಿನ ಗೆರೆ, ನೀರು ಇಲ್ಲಿಯ ತನಕ.
ಗೆರೆಯ ಪಕ್ಕ ಒಂದು ಬಾಣ,
ತನಗೇ ಮರೆತುಹೋದೀತೆಂದು.

ಅಲ್ಲಿ ಪುಡಿ ಸಿಗುತ್ತದೆ, ಅಂದೆ.
"ಇದೇ ಪುಡಿಯಾ?"
ಗೊತ್ತಿಲ್ಲ ಅನ್ನಬೇಕಿತ್ತು. ಹೌದು ಅಂದುಬಿಟ್ಟೆ.

ಫಾರಂನಲ್ಲಿ 'ಕಾರಣ'ದ ಮುಂದೆ ಎರಡು ಸಾಲು ಜಾಗ.
'ನೋಡಿಕೊಳ್ಳುವವರು ಯಾರೂ ಇಲ್ಲ' ಎಂದು ಬರೆದೆ.
ಅವನು ಪಕ್ಕದಲ್ಲೇ ನಿಂತಿದ್ದ. ಓದಲು ಕಲಿತಿದ್ದ.
ಪೆನ್ನಿನ ತುದಿಯನ್ನೇ ನೋಡಿದ, ಏನೂ ಅನ್ನಲಿಲ್ಲ.

ಆಮೇಲೆ ಎತ್ತಿಕೊಳ್ಳುವುದನ್ನು ಕಲಿಸಿಕೊಟ್ಟ:
ತಲೆ ಎಡಗೈಗೆ ಬರಬೇಕು. ಬಲಗಡೆ ಹಿಡಿದರೆ ಅಳುತ್ತಾಳೆ.
ಎದೆಯ ಮೇಲಿನ ಆ ರೇಡಿಯೊ ಚುಚ್ಚುತ್ತದೆ, ತೆಗೆಯಿರಿ.
ತೆಗೆದೆ.

ಕಾರಿನಲ್ಲಿ ಅವನು ಕಿಟಕಿಯಾಚೆ ನೋಡಲಿಲ್ಲ.
ಡಬ್ಬಿ ತೊಡೆಯ ಮೇಲಿತ್ತು, ಮುಚ್ಚಳದ ಮೇಲೆ ಎರಡೂ ಕೈ.
ಹೆಸರು ಕೇಳಿದರೆ ಮೊದಲು ತಂಗಿಯದು ಹೇಳಿದ,
ಹುಟ್ಟಿದ ತಾರೀಖು ಹೇಳಿದ, ಜ್ವರ ಬಂದ ವಾರ ಹೇಳಿದ.
ನಿನ್ನದು?
"ರೀಸ್," ಅಂದ, ಇದೂ ಬೇಕಾ ಎಂಬಂತೆ.

ಪಾಳಿ ಮುಗಿಸಿ ಮನೆಗೆ ಬಂದು ಚಹಾಕ್ಕೆ ನೀರಿಟ್ಟೆ.
ಮಂಜುಗಡ್ಡೆಯ ಲಾರಿಗಳು ಬಂದರಿನ ಕಡೆ ಹೊರಟಿದ್ದವು.
ಗಡಿಯಾರದಲ್ಲಿ ಆರೂ ಹತ್ತು.
ಒಂದು ಬಾಟಲಿಯ ಹೊತ್ತು.
ಯಾರ ಕೈಯಲ್ಲೋ,
ಯಾವ ಗೆರೆಯ ತನಕವೋ.