ಒಂಬತ್ತಿಂಚಿನ ಗೋಡೆ

ದೂರವಾಣಿನಗರದ ಹಿಂದಿನ ಬೀದಿಯ ಜೋಡಿಮನೆ.
ಹಗಲು ನನಗೆ ಎರಡು ಭಾಷೆ:
ಒಲೆಯ ಮುಂದೆ ತಮಿಳು,
ಬೆಸುಗೆ ಹೊಗೆಯಲ್ಲಿ ಕಾರ್ಖಾನೆ ಕಲಿಸಿದ ಕನ್ನಡ.
ರಾತ್ರಿ ಹತ್ತರ ಮೇಲೆ ಮೋರ್ಸ್.

ಪಿಂಚಣಿ ಬಂದ ಮೇಲೂ ತಂತಿ ಬಿಡಲಿಲ್ಲ ನನ್ನನ್ನು.
ನೀರಿನ ಟ್ಯಾಂಕಿನಿಂದ ಹೊಂಗೆಯ ಕೊಂಬೆಗೆ
ಎಳೆದು ಕಟ್ಟಿದ ಇಪ್ಪತ್ತು ಮೀಟರು ತಾಮ್ರ.
ಯಾರಾದರೂ ಅದರ ಮೇಲೆ ಪಂಚೆ ಹರವಿದರೆ
ಅಂದು ರಾತ್ರಿ ಜಪಾನು
ಕೊಂಚ ಒದ್ದೆಯಾಗಿ ಕೇಳುತ್ತದೆ.

ನನ್ನ ಮೇಜಿನ ಆಚೆಗೆ, ಗೋಡೆ ದಾಟಿದರೆ,
ಆರಾಧ್ಯ ಮೇಷ್ಟ್ರ ಬಚ್ಚಲು.
ಒಂದು ಬೆಳಿಗ್ಗೆ ಹಾಲಿನ ಪಾಕೀಟು ಹಿಡಿದು ನಿಂತು ಕೇಳಿದರು:
"ಏನಮ್ಮಾ ಸಗಾಯಮೇರಿ,
ರಾತ್ರಿಯೆಲ್ಲ ಪ್ರಸ್ತಾರ ಹಾಕ್ತೀಯಲ್ಲ, ಯಾವ ಕಾವ್ಯ?"

ಡಿಟ್ ಎಂದರೆ ಅವರಿಗೆ ಲಘು, ಡಾ ಎಂದರೆ ಗುರು.
ನಾವು ಮಾತು ಮುಗಿಸಿ "ಇನ್ನು ನೀನು ಹೇಳು" ಎನ್ನಲು ಒತ್ತುವ
ಡಾ ಡಿ ಡಾ, ರಗಣ.
"ತಲುಪಿತು" ಎನ್ನುವ ಡಿ ಡಾ ಡಿ, ಜಗಣ.
ಹಡಗು ಮುಳುಗುವಾಗ ಒತ್ತುವುದಿದೆಯಲ್ಲ,
ಮೂರು ಚುಕ್ಕೆ ಮೂರು ಗೆರೆ ಮೂರು ಚುಕ್ಕೆ,
ಅದನ್ನು ಬೆರಳು ಮಡಚಿ ಎಣಿಸಿದರು.
ನಗಣ. ಮಗಣ. ನಗಣ.
ನ, ಮ, ನ.
"ಮುಳುಗೋವಾಗ ನಮನ ಅಂತೀರೇನೇ ನೀವು?"
ನಲವತ್ತು ವರ್ಷ ಕಿವಿಯಲ್ಲಿಟ್ಟುಕೊಂಡಿದ್ದೆ,
ಗೊತ್ತಿರಲಿಲ್ಲ ನನಗೆ.

ಆಮೇಲೆ ದಿನಾ ದೂರು.
ನಿನ್ನೆ ಬಂದವನಿಗೆ ಯತಿಯಿಲ್ಲ,
ಮೊನ್ನೆಯವನದು ತುಂಬ ಅವಸರ, ಮಾತ್ರೆ ನುಂಗುತ್ತಾನೆ.
ಬೆಂಗಳೂರಿನ ಗದ್ದಲ ವರ್ಷಕ್ಕಿಷ್ಟು ಏರುತ್ತಿತ್ತು:
ಹೊಸ ದೀಪದ ಕಂಬ, ಮೆಟ್ರೋ, ಎದುರುಮನೆ ಇನ್ವರ್ಟರು.
ಆ ಕೊರೆತದ ಸಂದಿಯಲ್ಲಿ ನಾನು ಒಂದು ಸದ್ದು ಹೆಕ್ಕಿದರೆ
ಗೋಡೆಯಾಚೆ ಅವರು ಇನ್ನೊಂದು.

ಗಿರಿಜಮ್ಮ ನಾಮಕರಣಕ್ಕೆಂದು ತಿಪಟೂರಿಗೆ ಹೋಗಿದ್ದ ರಾತ್ರಿ,
ಎರಡು ಗಂಟೆ.
ಹೊಕ್ಕೈಡೊದ ಮೀನುಗಾರನೊಬ್ಬ
ತನ್ನೂರ ಹಿಮ ಎಷ್ಟು ಅಡಿ ಎಂದು ಹೇಳುತ್ತಿದ್ದ.
ಬಲಗಿವಿಯ ಹೆಡ್‌ಫೋನು ಸರಿಸಿದಾಗ
ಗೋಡೆಯ ಮೇಲೆ ಚೊಂಬಿನ ಸದ್ದು.
ಮೂರು ನಾಲ್ಕು, ಮೂರು ನಾಲ್ಕು.
ಭಾಮಿನಿ!
ನಿದ್ದೆ ಬರದೆ ಬಚ್ಚಲಲ್ಲೂ ಷಟ್ಪದಿ ಎಂದು ನಕ್ಕೆ.
ನಕ್ಕು
ಹೆಡ್‌ಫೋನು ಮತ್ತೆ ಹಾಕಿಕೊಂಡೆ.
ಅದನ್ನು ಇಲ್ಲಿ ಬರೆದಿಡಬೇಕು.

ಹಿಮ ಮುಗಿದು ಅವನು ಮೀನಿಗೆ ಬಂದಾಗ ಮತ್ತೆ ಕೇಳಿದೆ.
ಎರಡನೆಯ ಸಾಲು ಮುಗಿಯಿತು.
ಮೂರನೆಯದು ಉದ್ದ: ಮೂರು ನಾಲ್ಕು, ಮೂರು ನಾಲ್ಕು,
ಮೂರು ನಾಲ್ಕು, ಕೊನೆಗೆ ಒಂದು ಗುರು ಬರಬೇಕು.
ಗುರು ಬರಲಿಲ್ಲ.

ಕಾದೆ.
ಸ್ಕೇಲಿನಲ್ಲಿ ಹೊಡೆದು ಮಾತ್ರೆ ಕಲಿಸಿದ ಕೈ
ಸಾಲನ್ನು ಹಾಗೆ ಬಿಡುವ ಕೈಯಲ್ಲ.
ಜಪಾನಿಗೆ "ಇರು" ಎಂದು ಒತ್ತಿ
ಸ್ಕ್ರೂಡ್ರೈವರು ಹಿಡಿದು ಬರಿಗಾಲಲ್ಲಿ ಓಡಿದೆ.
ಚಿಲಕ ಕಿತ್ತು ನೋಡಿದರೆ ಒದ್ದೆ ನೆಲ,
ತಿರುಚಿದ ಸೊಂಟ, ಮುಷ್ಟಿಯಲ್ಲಿ ಚೊಂಬು.

ಮೂರು ವಾರ ಆಸ್ಪತ್ರೆ.
ಕಿತ್ತಳೆ ಸುಲಿದು ಕೊಡುತ್ತ ಕೇಳಿಯೇಬಿಟ್ಟೆ:
"ಆ ಮೂರಕ್ಷರ ಬಡಿದಿದ್ದರೆ ಆಗಲೇ ಬರ್ತಿದ್ದೆನಲ್ಲ ಮೇಷ್ಟ್ರೇ?"
ಅವರು ಬೀಜ ಉಗುಳಿ, ಕಿಟಕಿಯ ಕಡೆ ನೋಡಿ,
"ಸಹಾಯ ಅಂತ ಕೂಗೋಕೆ ನಾಚಿಕೆ ಆಯ್ತು ಕಣಮ್ಮ.
ಪದ್ಯ ಆದ್ರೆ ಪರವಾಗಿಲ್ಲ ಅನ್ನಿಸ್ತು."

ಜಪಾನಿನವನು ಬೆಳಗಿನ ತನಕ ಕಾದಿದ್ದನೋ ಏನೋ,
ಅವನ ಕಾರ್ಡು ಬಂತು. ಅದರ ಜೊತೆಗೇ ನಾನೂ ಒಂದು ಬರೆದೆ,
ಸಂಪರ್ಕ ಖಚಿತವೆಂದು ನಮ್ಮಲ್ಲಿ ಕಳಿಸುವ ಕಾರ್ಡು:

ದೂರ: ಒಂಬತ್ತು ಇಂಚು.
ಶಕ್ತಿ: ಹಿತ್ತಾಳೆ ಚೊಂಬು, ಒಂದು.
ಸದ್ದು: ಸ್ಪಷ್ಟ.
ವಿಧಾನ: ಬಾಮಿನಿ ಷಟ್ಪದಿ, ಎರಡೂವರೆ ಸಾಲು.

ಸಂಜೆ ಗಿರಿಜಮ್ಮ ಕೋಸಂಬರಿ ಬಟ್ಟಲಿಗೆ ಅದನ್ನೇ ಮುಚ್ಚಳ ಮಾಡಿ ತಂದರು.
ಮೂಲೆಯಲ್ಲಿ ಮೇಷ್ಟ್ರ ರುಜು.
ನನ್ನ ಬಾಮಿನಿಯ ಹೊಟ್ಟೆ ಸೀಳಿ
ಕೆಂಪು ಮಸಿಯಲ್ಲಿ
ಮಹಾಪ್ರಾಣ ಹಾಕಿದ್ದರು.