ಜ್ವರಕ್ಕೆ ಕೂತ ಹೊತ್ತು

ಗೂಡಿನ ಮಾರುಕಟ್ಟೆಯ ರಾತ್ರಿ ಕಾವಲು ನನ್ನದು,
ಶಿಡ್ಲಘಟ್ಟದಲ್ಲಿ, ಹತ್ತೊಂಬತ್ತು ವರ್ಷದಿಂದ.
ನಡೆಯುವುದೇ ಕೆಲಸ. ಗೇಟಿನಿಂದ ತಕ್ಕಡಿ,
ತಕ್ಕಡಿಯಿಂದ ಜಾಲರಿ ಸಾಲು, ಮತ್ತೆ ಗೇಟು.
ಹೊರೆ ಇಳಿಸಿ ಮಲಗಿದ ರೈತರ ಕಾಲು ತುಳಿಯದ ಹಾಗೆ
ಟಾರ್ಚು ನೆಲಕ್ಕೆ ಬಿಟ್ಟುಕೊಂಡು.

ಅದಕ್ಕೇ ನಗು ಬಂತು,
ಸಿಸ್ಟರ್ ಮುಬೀನಾ "ವಾಕಿಂಗ್ ಮಾಡ್ತೀರಾ?" ಅಂದಾಗ.
ಚಪ್ಪಲಿ ನೋಡಮ್ಮ ಅಂದೆ, ಹಿಮ್ಮಡಿ ಕಡೆ ಹೇಗೆ ಸವೆದಿದೆ.
ಅವಳು ಚಪ್ಪಲಿ ನೋಡಲಿಲ್ಲ, ಚೀಟಿ ನೋಡಿದಳು.
ಬರಿಹೊಟ್ಟೆಯಲ್ಲಿ ನೂರ ಎಂಬತ್ತಾರು.
ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ,
ಇನ್ನೊಂದು ಲೆಕ್ಕ ಬರೆದಳು. ಅದನ್ನು ಓದಿ ಹೇಳಲಿಲ್ಲ.

"ರಾತ್ರಿ ಎಷ್ಟೊತ್ತಿಗೆ ಉಣ್ತೀರಿ?"
ಎರಡಕ್ಕೆ. ಅಕ್ಕಯಮ್ಮ ಬುತ್ತಿ ಕಟ್ಟುತ್ತಾಳೆ,
ಎರಡು ಮುದ್ದೆ, ಉಪ್ಸಾರು. ಆಮೇಲೆ ಹುಸೇನಿ ಅಂಗಡಿಯ ಟೀ, ಬನ್ನು.
ನಿದ್ದೆ ತಡೆಯೋಕೆ.

ಪೆನ್ನಿನ ತುದಿಯಿಂದ ನನ್ನ ಪಕ್ಕೆಲುಬಿನ ಕೆಳಗೆ ತೋರಿಸಿದಳು:
"ಇಲ್ಲೊಂದು ಗಡಿಯಾರ. ಎದೆಯಲ್ಲೊಂದು.
ತೊಡೆಯ ಮಾಂಸದಲ್ಲೂ ಒಂದು.
ತಲೆಯೊಳಗಿನ ದೊಡ್ಡದು ಬಿಸಿಲು ನೋಡಿ ತಿರುಗುತ್ತೆ,
ಇವು ತಟ್ಟೆ ನೋಡಿ, ಕಾಲು ನೋಡಿ.
ನಿಮ್ಮವು ಒಂದೊಂದೂ ಒಂದೊಂದು ಊರಿನ ಟೈಮು ತೋರಿಸ್ತಿವೆ.
ರಾತ್ರಿ ಬಿಪಿ ಒಂದಿಷ್ಟು ಇಳೀಬೇಕು,
ನಿಮ್ಮದಕ್ಕೆ ಇಳಿಯೋಕೆ ಮೆಟ್ಟಿಲೇ ಸಿಗ್ತಿಲ್ಲ."

ನನಗೆ ಗಡಿಯಾರ ಅರ್ಥವಾಗಲಿಲ್ಲ.
ಹುಳ ಅರ್ಥವಾಗುತ್ತದೆ.

ನಮ್ಮವ್ವ ಹುಳ ಮೇಯಿಸಿದವಳು.
ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ ಹುಳ.
ಕಾಯಿಲೆಯಲ್ಲ, ನಿದ್ದೆ; ಹಳೆ ಚರ್ಮ ಸಡಿಲಿಸುವ ಹೊತ್ತು.
ಕರಕರ ಅನ್ನುತ್ತಿದ್ದ ಮನೆ ಒಮ್ಮೆಲೇ ಸುಮ್ಮನಾಗಿ,
ಸಾವಿರ ತಲೆ ಮೇಲೆತ್ತಿ ನಿಂತುಬಿಡುತ್ತವೆ,
ಯಾರೋ ಕೂಗಿದ್ದು ಕೇಳಿಸಿದಂತೆ.
ಏಳು ವರ್ಷದ ನಾನು, ಪಾಪ ಅಂತ,
ಒಂದು ಹಿಡಿ ಎಳೆ ಸೊಪ್ಪು ಹಾಕಿದೆ.
ಅವ್ವ ಕೈಗೆ ಬಾರಿಸಿದಳು:
"ಮಲಗಿದ್ದಕ್ಕೆ ತಿನ್ನಿಸ್ತೀಯೇನೋ, ತಟ್ಟೆಗೆ ತಟ್ಟೆ ಕೆಡ್ತದೆ!"

ಹತ್ತೊಂಬತ್ತು ವರ್ಷದಿಂದ,
ರಾತ್ರಿ ಎರಡು ಗಂಟೆಗೆ,
ನಾನು ಸೊಪ್ಪು ಹಾಕುತ್ತಲೇ ಇದ್ದೇನೆ.

ಡ್ಯೂಟಿ ಬದಲಾಗಲಿಲ್ಲ. "ಹಗಲಿಗೆ ನಾಲ್ಕು ಜನ
ಕಾಯ್ತಾ ಕೂತಿದ್ದಾರೆ" ಅಂದ ಸೂಪರ್‌ವೈಸರ್ ಗಂಗುಲಪ್ಪ.
ಬದಲಾದದ್ದು ಬುತ್ತಿ.
ದೀಪ ಹಚ್ಚುವ ಮುಂಚೆ ಮನೆಯಲ್ಲೇ ಊಟ, ಒಂದೇ ಮುದ್ದೆ
(ಅಕ್ಕಯಮ್ಮ ಒಂದು ವಾರ ಮಾತು ಬಿಟ್ಟಳು).
ಉಂಡು ಗೌಡನ ಕೆರೆ ಏರಿಯ ಮೇಲೆ ಬಿರುಸಾಗಿ,
ಕಾವಲುಗಾರನ ನಡಿಗೆಯಲ್ಲ,
ಕೊನೆಯ ಬಸ್ಸು ಹಿಡಿಯಬೇಕಾದವನ ನಡಿಗೆ.
ಬೆಳಿಗ್ಗೆ ಬಂದು ಮಲಗುವ ಕಿಟಕಿಗೆ ಕಂಬಳಿ.
ಎರಡು ಗಂಟೆಗೆ ಬಾಯಿಗೆ ನೀರು, ಒಂದು ಚಿಟಿಕೆ ಜೀರಿಗೆ.
ಹೊಟ್ಟೆ ಮೊದಮೊದಲು ಗೇಟು ಬಡಿಯಿತು, ತೆರೆಯಲಿಲ್ಲ.
ಕಾವಲು ಅಂದರೆ ಅದೇ ತಾನೆ.

ಮೂರು ತಿಂಗಳಿಗೆ ನೂರ ನಲವತ್ತೊಂದು.
"ಇನ್ನೂ ಇದೆ" ಅಂದಳು ಮುಬೀನಾ.
ಅವಳ ಕಣ್ಣ ಕೆಳಗೂ ಕಪ್ಪು; ರಾತ್ರಿ ಪಾಳಿ ಮುಗಿಸಿ
ಹಾಗೇ ಕೂತಿದ್ದಳು ಅಂತ ಕಾಣುತ್ತದೆ.
ನೀನು ಎಷ್ಟೊತ್ತಿಗೆ ಉಣ್ತೀಯಮ್ಮ, ಕೇಳಬೇಕೆಂದಿದ್ದೆ.
ನನ್ನ ಹಿಂದೆ ಸಾಲು ಉದ್ದವಿತ್ತು.

ನಿನ್ನೆ, ತಕ್ಕಡಿಯ ಹಿಂದೆ,
ಯಾರ ಚೀಲದಿಂದಲೋ ಉರುಳಿ
ಯಾವ ರೀಲರನ ಬಿಸಿನೀರಿಗೂ ಸಿಗದೆ ಉಳಿದ ಒಂದು ಗೂಡು.
ತುದಿ ಒದ್ದೆಯಾಗಿತ್ತು.
ಹೊರಗೆ ಕತ್ತಲು. ಒಳಗೆ ಇರುಳಿಡೀ ಆರದ ಟ್ಯೂಬ್‌ಲೈಟು.
ಆಕಾಶವನ್ನೇ ನೋಡದ ಅದಕ್ಕೆ ಯಾರು ಹೇಳಿದರೋ,
ಬೆಳ್ಳಿ ಮೂಡುವ ಹೊತ್ತಿಗೆ ಸರಿಯಾಗಿ
ಚಿಟ್ಟೆ ಹೊರಗೆ ಬಂತು, ರೆಕ್ಕೆ ಮುದುಡಿಕೊಂಡೇ.
ಹಾರಲಾರದು ಅದು, ಗೊತ್ತು.
ಟಾರ್ಚು ಆರಿಸಿ
ಪಕ್ಕದಲ್ಲಿ ಕೂತೆ.